ಒಣಗಿಯೂ ಸಾಯದ ಕಿಣ್ವ

ಸುರೆಯನ್ನು ಹುದುಗಿಸುವ ಮೂಲದ್ರವ್ಯಕ್ಕೆ ಸಂಸ್ಕೃತದಲ್ಲಿ ‘ಕಿಣ್ವ’ವೆಂದು ಹೆಸರು. ಅಮರಕೋಶವು ಇದಕ್ಕೆ ‘ನಗ್ನಹೂ’ ಎಂಬ ಪರ್ಯಾಯವನ್ನೂ ಕೊಡುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದುಂಟು. ಕಿಣ್ವವನ್ನು ಕಟ್ಟುವ ಕ್ರಮವು ಅಲ್ಲಿ ಅಳತೆಸಮೇತವಾಗಿ ಬಂದಿದೆ. ಹಸಿಯದಾಗಲಿ ಬೇಯಿಸಿದ್ದಾಗಲಿ ಒಂದು ದ್ರೋಣ ಉದ್ದಿನ ಕಲ್ಕ, ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿ ಅಕ್ಕಿ, ಮೇಲೆ ಮೋರಟವೇ ಮೊದಲಾದ ಮೂಲಿಕೆಗಳು ಒಂದು ಕರ್ಷದ ಲೆಕ್ಕದಲ್ಲಿ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತ ಈ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟರು. ಅದನ್ನು ತೆರೆದು ಉದ್ದು ಅಕ್ಕಿಗಳ ಈ ಜೋಡಿಯನ್ನು ಕಂಡ ಕನ್ನಡಿಗನಿಗೆ ತನ್ನ ಮನೆಯ ದೋಸೆಯ ಹಿಟ್ಟು ನೆನಪಿಗೆ ಬಾರದಿರದು. ಇಂದಿನ ವಿಜ್ಞಾನದ ಪಠ್ಯಗಳಲ್ಲಿ ‘ಕಿಣ್ವ’ವೆಂದರೆ ಎನ್‌ಜೈಮು ಎಂದು ಅರ್ಥವಾಗಿದೆ. ಇದನ್ನು ಕೆಲವರು ಶಬ್ದದ ದುರ್ಬಳಕೆಯೆಂದು ಆಕ್ಷೇಪಿಸುವುದುಂಟು. ಆದರೆ ಆಕ್ಷೇಪಕ್ಕೆ ಬಲವಿಲ್ಲ. ಜರ್ಮನಿಯ ಕ್ಯೂನೆ ಎಂಬ ಪಂಡಿತನು 1876ರಲ್ಲಿ ‘ಎನ್‌ಜೈಮು’ ಎಂಬ ಮಾತನ್ನು ಕಟ್ಟಿದುದೂ ‘ಹುದುಗಿನ ಒಳಗಿರುವುದು’ ಎಂಬ ಅರ್ಥದ ಗ್ರೀಕ್ ಪದಗಳಿಂದಲೇ. ಹೇಗೂ ಇರಲಿ, ಇಲ್ಲಿ ಕಿಣ್ವವೆಂದರೆ ಹಳೆಯ ಅರ್ಥದ ಕಿಣ್ವ, ಅಂಗಡಿಯವರು ಯೀಸ್ಟೆಂದು ಮಾರುವ ವಸ್ತು.

ಈ ಅಲ್ಪವಸ್ತುವು ದರ್ಶನಶಾಸ್ತ್ರದಲ್ಲಿಯೂ ಒಂದು ಸ್ಥಾನವನ್ನು ಗಳಿಸಿದೆ. ದೇಹವನ್ನು ಬಿಟ್ಟು ಬೇರೆ ಚೈತನ್ಯವಿಲ್ಲವೆಂದು ವಾದಿಸಿದ ಚಾರ್ವಾಕರು ತಮ್ಮ ಪಕ್ಷಕ್ಕೆ ದೃಷ್ಟಾಂತವಾಗಿ ಹಿಡಿದುದು ಕಿಣ್ವವನ್ನೇ. ಮಾದಕವಲ್ಲದ ಧಾನ್ಯಾದಿಗಳು ಕಿಣ್ವದೊಡನೆ ಕೂಡಿದಾಗ ಮದಶಕ್ತಿಯು ಹುಟ್ಟುವಂತೆ, ಜಡವಾದ ಭೂತಗಳು ಕೂಡಿದಾಗ ಚೈತನ್ಯವು ಹುಟ್ಟುತ್ತದೆ ಎಂಬುದು ಅವರ ಮಾತು. ವಿಜಯನಗರದ ಕಾಲದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹದ ಮೊದಲನೆಯ ಪ್ರಕರಣದಲ್ಲಿ ಇದನ್ನು ಓದಬಹುದು. ಕಿಣ್ವವು ಸ್ವತಃ ಸಜೀವವೆಂಬುದು ಚಾರ್ವಾಕರಿಗೂ ತಿಳಿದಿರಲಿಲ್ಲ, ಅವರನ್ನು ಖಂಡಿಸಿದವರಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ವಾದದ ಎರಡು ಪಕ್ಷಗಳೂ ಬೇರೆ ದಾರಿಯನ್ನು ಹಿಡಿಯುತ್ತಿದ್ದುವು. ಜೀವವೆಂದರೇನು, ಅದು ನಿಂತು ಮತ್ತೆ ಹೊರಡಬಲ್ಲುದೆ ಎಂಬ ಆ ಹಳೆಯ ಪ್ರಶ್ನೆಯು ಮುನ್ನೂರು ವರ್ಷಗಳಿಂದೀಚೆಗೆ ಯೂರೋಪಿನಲ್ಲಿ ಮತ್ತೆ ಎದ್ದಿತು. ಅದಕ್ಕೆ ದೊರೆತ ಉತ್ತರದ ಒಂದು ಭಾಗವು ಒಣಗಿದ ಕಿಣ್ವದಲ್ಲಿಯೂ, ಅದರೊಳಗಿನ ಒಂದು ಶರ್ಕರೆಯಲ್ಲಿಯೂ ಅಡಗಿತ್ತು.

ಸಂಗತಿಯೇನೆಂದರೆ: ಜೀವಂತವಾದ ಹಸಿ ಯೀಸ್ಟಿನ ಮುದ್ದೆಯಲ್ಲಿ ನೂರಕ್ಕೆ 70 ಪಾಲು ನೀರಿರುತ್ತದೆ. ಡಬಲ್ ರೊಟ್ಟಿ ಮಾಡುವವರು ಕೊಳ್ಳುವ ಒಣ ಯೀಸ್ಟಿನಲ್ಲಿ ನೀರು ನೂರಕ್ಕೆ 5ರಿಂದ 8 ಪಾಲು ಮಾತ್ರ. ಅದು ನೋಡುವುದಕ್ಕೆ ಸಾಸಿವೆಗಿಂತ ಸಣ್ಣ ಕಂದುಬಣ್ಣದ ಹರಳು. ಉಸಿರಾಟವಿಲ್ಲ, ಬೆಳವಣಿಗೆಯಿಲ್ಲ, ಚಲನೆಯಿಲ್ಲ. ಗಾಳಿಯಾಡದ ಪೊಟ್ಟಣದಲ್ಲಿ ಒಂದೆರಡು ವರ್ಷ ಹಾಗೆಯೇ ಬಿದ್ದಿರಬಹುದು. ಉಗುರುಬೆಚ್ಚಗಿನ ನೀರಿಗೆ ಹಾಕಿ ಸ್ವಲ್ಪ ಸಕ್ಕರೆ ಬೆರಸಿದರೆ ಹತ್ತು ಹದಿನೈದು ನಿಮಿಷಗಳಲ್ಲಿ ನೊರೆಯೆದ್ದು ಉಕ್ಕುತ್ತದೆ. ಒಂದು ಗ್ರಾಂ ತೂಕದಲ್ಲಿ ಸಾವಿರ ಕೋಟಿಯ ಎಣಿಕೆಯಲ್ಲಿ ಜೀವಕೋಶಗಳಿದ್ದು, ಅವುಗಳಲ್ಲಿ ಬಹುಪಾಲು ಎದ್ದು ಕುಳಿತಿರುತ್ತವೆ. ಮನುಷ್ಯನ ಜೀವಕೋಶಗಳಿಂದ ಇದರ ಅರ್ಧದಷ್ಟು ನೀರನ್ನು ತೆಗೆದರೂ ಅವು ಉಳಿಯಲಾರವು.

ಈ ವಿಚಿತ್ರವನ್ನು ಮೊದಲು ಕಂಡುದು ಯೀಸ್ಟಿನಲ್ಲಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಜವಳಿ ವ್ಯಾಪಾರಿ ಆಂಟನಿ ವಾನ್ ಲೀವನ್‌ಹುಕ್ ಎಂಬವನು ತಾನೇ ಉಜ್ಜಿ ಮಾಡಿದ ಕಾಚುಗಳಿಂದ ಸೂಕ್ಷ್ಮಲೋಕವನ್ನು ನೋಡಿದವನು. 1702ರಲ್ಲಿ ಅವನು ಬರೆದ ಒಂದು ಪತ್ರದಲ್ಲಿ ಮನೆಯ ಮಾಡಿನ ದೋಣಿಯಲ್ಲಿ ಒಣಗಿ ಕುಳಿತ ಕೆಸರಿನ ವೃತ್ತಾಂತವಿದೆ. ಆ ಧೂಳನ್ನು ಗಾಜಿನ ಕೊಳವೆಯಲ್ಲಿಟ್ಟು, ಕುದಿಸಿ ಆರಿಸಿದ ನೀರನ್ನು ಎರೆದಾಗ, ಒಂದು ಗಳಿಗೆಯೊಳಗಾಗಿ ತಲೆಯ ಮೇಲೆ ಎರಡು ಚಕ್ರಗಳನ್ನು ತಿರುಗಿಸುತ್ತಿರುವಂತೆ ಕಾಣುವ ಜಂತುಗಳು ಈಜಾಡತೊಡಗಿದುವು. ಇವನ್ನು ಚಕ್ರಜೀವಿಗಳೆನ್ನೋಣ. ಲೀವನ್‌ಹುಕ್ಕನಿಗೆ ಇದರಲ್ಲಿ ಮರಣವೂ ಕಾಣಲಿಲ್ಲ, ಪುನರುತ್ಥಾನವೂ ಕಾಣಲಿಲ್ಲ. ಜಂತುವಿನ ಚರ್ಮವು ಬಿಗಿಯಾದುದರಿಂದ ಒಳಗಿನ ನೀರು ಆರದೆ ಉಳಿದಿರುತ್ತದೆಂದು ಅವನು ಸಮಾಧಾನಪಟ್ಟುಕೊಂಡನು. ಸಮಾಧಾನವು ತಪ್ಪಾಗಿತ್ತು, ಕಂಡುದು ಮಾತ್ರ ಸರಿಯಾಗಿತ್ತು.

1743ರಲ್ಲಿ ಇಂಗ್ಲೆಂಡಿನ ನೀಡಮ್ ಎಂಬ ಪಾದ್ರಿಯು ರೋಗಹಿಡಿದು ಕರಿಕಟ್ಟಿದ ಗೋಧಿಯ ಕಾಳನ್ನು ಒಡೆದು, ಒಳಗಿನ ಬಿಳಿಯ ನಾರಿನ ಮೇಲೆ ನೀರಿನ ಹನಿಯನ್ನಿಟ್ಟನು. ನಾರು ಬಿಚ್ಚಿಕೊಂಡು ಹುಳುಗಳಾಗಿ ಹೊರಳಾಡಿತು. ಅವನು ಕೊಟ್ಟ ಕಾಳುಗಳನ್ನು ಜೋಪಾನವಾಗಿಟ್ಟಿದ್ದ ಹೆನ್ರಿ ಬೇಕರ್ ಎಂಬವನು 27 ವರ್ಷಗಳಾದ ಮೇಲೆ, 1771ರಲ್ಲಿ, ಮತ್ತೆ ನೀರೆರೆದು ನೋಡಿದಾಗಲೂ ಹುಳುಗಳು ಎದ್ದುವು. ಇಟಲಿಯ ಸ್ಪಲ್ಲಂಜಾನಿಯು 1776ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಜಂತುಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟು, ಇವನ್ನು ಕೊಲ್ಲಲೂಬಹುದು, ಬದುಕಿಸಲೂಬಹುದು ಎಂದು ವರ್ಣಿಸಿದನು. ಪಾಚಿಯಲ್ಲಿ ವಾಸಿಸುವ ಎಂಟು ಕಾಲಿನ ಮಂದಗತಿಯ ಜಂತುವಿಗೆ ‘ಟಾರ್ಡಿಗ್ರೇಡ್’, ಎಂದರೆ ನಿಧಾನವಾಗಿ ನಡೆಯುವುದು, ಎಂಬ ಹೆಸರು ಅವನಿಂದಲೇ ಬಂದಿತು. ಸ್ಪಲ್ಲಂಜಾನಿಯು ಗಮನಿಸಿದ ಒಂದು ಸಣ್ಣ ವಿಷಯವು ಮುಂದೆ ದೊಡ್ಡದಾಯಿತು. ಚಕ್ರಜೀವಿಗಳನ್ನು ಬರಿಯ ಗಾಜಿನ ಮೇಲೆ ಒಣಗಿಸಿದರೆ ಸತ್ತೇ ಹೋಗುತ್ತವೆ. ಮರಳಿನ ನಡುವೆ ಒಣಗಿಸಿದರೆ ಏಳುತ್ತವೆ. ಮರಳಿನಲ್ಲಿ ಪಸೆ ಬೇಗನೆ ಆರುವುದಿಲ್ಲ. ಒಣಗುವುದಕ್ಕೂ ಒಂದು ಹದವುಂಟು, ಸಿದ್ಧತೆಗೆ ಕಾಲಾವಕಾಶ ಬೇಕು ಎಂಬುದು ಇದರ ತಾತ್ಪರ್ಯವಾಗಿತ್ತು. ಆದರೆ ಆ ಸಿದ್ಧತೆ ಏನೆಂಬುದು ಯಾರಿಗೂ ಹೊಳೆಯಲಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿಷಯವು ವ್ಯಾಜ್ಯದ ರೂಪವನ್ನು ತಾಳಿತು. ಫ್ರಾನ್ಸಿನ ಡೊಯೇರ್ ಎಂಬವನು 1842ರಲ್ಲಿ ಟಾರ್ಡಿಗ್ರೇಡುಗಳನ್ನು ಚೆನ್ನಾಗಿ ಒಣಗಿಸಿ, ನೀರು ಕುದಿಯುವ ಬಿಸಿಯನ್ನೂ ಮೀರಿ ಕಾಯಿಸಿದರೂ ಅವು ಮತ್ತೆ ಬದುಕುತ್ತವೆಂದು ತೋರಿಸಿದ್ದನು. 1859ರಲ್ಲಿ ರುವಾನ್ ನಗರದ ಪೂಶೆ ಎಂಬ ಪ್ರಾಣಿಶಾಸ್ತ್ರಜ್ಞನು ಇದೆಲ್ಲವೂ ಭ್ರಾಂತಿಯೆಂದು ಸಾರಿದನು. ಪೂಶೆಯ ಈ ಹಟಕ್ಕೆ ಕಾರಣವಿಲ್ಲದಿರಲಿಲ್ಲ. ಜೀವಿಗಳು ಜಡದ್ರವ್ಯದಿಂದ ತಾವಾಗಿಯೇ ಹುಟ್ಟುತ್ತವೆಂಬುದು ಅವನ ಸಿದ್ಧಾಂತ. ಪಾಸ್ತರನೊಡನೆ ಅವನು ನಡೆಸಿದ ವಾದವು ಪ್ರಸಿದ್ಧವಾದುದು. ಹುಲ್ಲನ್ನು ಕಾಯಿಸಿ, ಅದರಲ್ಲಿದ್ದ ಬೀಜಾಣುಗಳೆಲ್ಲ ಸತ್ತುವೆಂದು ಹೇಳಿ, ಆಮೇಲೆ ಅದರ ಕಷಾಯದಲ್ಲಿ ಜೀವಿಗಳು ಹುಟ್ಟಿದುದನ್ನು ತೋರಿಸುವುದು ಅವನ ಪ್ರಯೋಗದ ಕ್ರಮ. ಒಣಗಿದ ಜೀವಿಯು ನೂರು ಡಿಗ್ರಿಯ ಶಾಖದಲ್ಲಿಯೂ ಸಾಯದೆಂದಾದರೆ ಆ ಪ್ರಯೋಗದ ತಳಹದಿಯೇ ಕುಸಿಯುವುದು. ಜಡದಿಂದ ಜೀವವು ಹುಟ್ಟಬಹುದೆಂದವನು, ಜಡದಂತಾದ ಜೀವಿಯು ಮತ್ತೆ ಏಳಬಹುದೆಂಬುದನ್ನು ಒಪ್ಪದಿದ್ದುದು ಮೇಲುನೋಟಕ್ಕೆ ಸೋಜಿಗವೆನಿಸಿದರೂ, ಸ್ವಪಕ್ಷರಕ್ಷಣೆಯ ದೃಷ್ಟಿಯಿಂದ ಸಹಜವಾದುದೇ.

ಎರಡು ಪಕ್ಷದವರೂ ಪ್ಯಾರಿಸಿನ ಜೀವಶಾಸ್ತ್ರ ಸಂಘದ ಮುಂದೆ ನ್ಯಾಯ ಕೇಳಿದರು. ಸಂಘವು ಏಳು ಮಂದಿಯ ಸಮಿತಿಯೊಂದನ್ನು ನೇಮಿಸಿತು. ವರದಿಯನ್ನು ಬರೆದವನು ಪಾಲ್ ಬ್ರೋಕಾ. ಮೆದುಳಿನಲ್ಲಿ ಮಾತಿನ ಸ್ಥಾನವನ್ನು ಗುರುತಿಸಿ ಮುಂದೆ ಹೆಸರುವಾಸಿಯಾದವನು ಇವನೇ. 1860ರಲ್ಲಿ ಓದಲ್ಪಟ್ಟ ಆ ವರದಿಯು ಎಚ್ಚರಿಕೆಯ ಪರೀಕ್ಷೆಗೆ ಇಂದಿಗೂ ಮಾದರಿಯಾಗಿದೆ. ಒಣಪಾಚಿಯಲ್ಲಿದ್ದ ಜಂತುಗಳನ್ನು 82 ದಿನ ಗಾಳಿ ತೆಗೆದ ಪಾತ್ರೆಯಲ್ಲಿ ಒಣಗಿಸಿ, ಅನಂತರ ಅರ್ಧ ಗಂಟೆಯ ಕಾಲ ನೂರು ಡಿಗ್ರಿಯಲ್ಲಿ ಕಾಯಿಸಿ, ನೀರೆರೆದು ನೋಡಲಾಯಿತು. ಕೆಲವು ಚಕ್ರಜೀವಿಗಳು ಎದ್ದುವು. ಅಂದಿನ ಶಾಸ್ತ್ರಕ್ಕೆ ಸಾಧ್ಯವಾದಷ್ಟು ಪೂರ್ಣವಾಗಿ ಒಣಗಿದ ಜೀವಿಗಳಲ್ಲಿಯೂ ಮತ್ತೆ ಬದುಕುವ ಶಕ್ತಿಯು ಉಳಿಯಬಲ್ಲುದೆಂದು ಸಮಿತಿಯು ಒಪ್ಪಿತು. ಅವುಗಳಲ್ಲಿ ಜೀವವು ಬಹು ಮೆಲ್ಲಗೆ ನಡೆಯುತ್ತಿದ್ದಿತೋ ಪೂರ್ತಿ ನಿಂತಿದ್ದಿತೋ ಎಂಬ ಪ್ರಶ್ನೆಯು ಮಾತ್ರ ಇತ್ಯರ್ಥವಾಗದೆ ಉಳಿಯಿತು.

ಈ ಸಮಿತಿಯ ಸದಸ್ಯರಲ್ಲಿ ಮಾರ್ಸೆಲಿನ್ ಬರ್ಥೆಲೋ ಎಂಬ ರಸಾಯನಶಾಸ್ತ್ರಜ್ಞನೂ ಒಬ್ಬನಾಗಿದ್ದನು. ಸಮಿತಿಗೆ ಬರುವುದಕ್ಕೆ ಸ್ವಲ್ಪವೇ ಮುಂಚೆ, 1858ರಲ್ಲಿ, ಅವನು ಹೊಸದೊಂದು ಶರ್ಕರೆಗೆ ನಾಮಕರಣ ಮಾಡಿದ್ದನು. ಸಿರಿಯಾ ಮತ್ತು ಪಾರಸಿಕ ಸೀಮೆಗಳ ಕಡೆ ಒಂದು ಜಾತಿಯ ಮುಳ್ಳುಗಿಡದ ಮೇಲೆ ಮೂತಿಹುಳುವೊಂದು ಸಿಹಿಯಾದ ಗೂಡನ್ನು ಕಟ್ಟುತ್ತದೆ. ಅಲ್ಲಿಯ ಜನರು ಅದನ್ನು ‘ಟ್ರೆಹಲ’ ಎಂದು ಕರೆದು ಔಷಧಕ್ಕೂ ಆಹಾರಕ್ಕೂ ಉಪಯೋಗಿಸುತ್ತಿದ್ದರು. ಆ ಗೂಡಿನಿಂದ ತೆಗೆದ ಹರಳು ಸಕ್ಕರೆಗೆ ಬರ್ಥೆಲೋ ‘ಟ್ರೆಹಲೋಸ್’ ಎಂಬ ಹೆಸರಿಟ್ಟನು. ವಸ್ತುವು ಅದಕ್ಕೆ ಮೊದಲೇ ಬೇರೆ ಕಡೆಯಲ್ಲಿ ಸಿಕ್ಕಿತ್ತು. 1832ರಲ್ಲಿ ಜರ್ಮನಿಯ ವಿಗರ್ಸ್ ಎಂಬವನು ರೈ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಎಂಬ ಕಪ್ಪು ಶಿಲೀಂಧ್ರದಲ್ಲಿ ಇದನ್ನು ಕಂಡಿದ್ದನು. ಮಿಚರ್ಲಿಖ್ ಎಂಬ ಇನ್ನೊಬ್ಬನು ಅದನ್ನೇ ಶೋಧಿಸಿ ‘ಮೈಕೋಸ್’ ಎಂದು ಕರೆದನು. ಎರಡೂ ಒಂದೇ ಎಂದು ಗೊತ್ತಾದ ಮೇಲೆ ಹುಳುವಿನ ಗೂಡಿನ ಹೆಸರೇ ನಿಂತಿತು. ಒಣಗಿ ಬದುಕುವ ಜೀವಿಗಳ ವಿಚಾರಣೆಗೆ ಕುಳಿತವನ ಕೈಯಲ್ಲಿಯೇ ಬೀಗದ ಕೈಗಳಲ್ಲೊಂದಿತ್ತು. ಅದು ಯಾವ ಬೀಗಕ್ಕೆ ಹೊಂದುವುದೆಂದು ಅವನಿಗಾಗಲಿ ಉಳಿದ ಆರು ಮಂದಿಗಾಗಲಿ ತಿಳಿಯುವ ದಾರಿಯಿರಲಿಲ್ಲ. ಶಾಸ್ತ್ರಗಳ ಚರಿತ್ರೆಯಲ್ಲಿ ಇಂತಹ ನೆರೆಹೊರೆಗಳು ಅಪರೂಪವಲ್ಲ. ಇಷ್ಟು ಹತ್ತಿರದವು ಅಪರೂಪ.

ಇನ್ನು ಯೀಸ್ಟಿನ ಕಡೆಗೆ ತಿರುಗಬಹುದು. ಅದು ಸಜೀವವೆಂಬುದನ್ನು 1837ರ ಸುಮಾರಿನಲ್ಲಿ ಮೂವರು ಪ್ರತ್ಯೇಕವಾಗಿ ಕಂಡುಕೊಂಡರು: ಫ್ರಾನ್ಸಿನ ಕನ್ಯಾರ್ ಲಾತೂರ್, ಜರ್ಮನಿಯ ಶ್ವಾನ್ ಮತ್ತು ಕ್ಯೂಟ್ಸಿಂಗ್. ಇವರಲ್ಲಿ ಕನ್ಯಾರ್ ಲಾತೂರನು ತನ್ನ ಪ್ರಬಂಧದಲ್ಲಿ ಒಂದು ಮಾತನ್ನು ಸೇರಿಸಿದನು: ತೀವ್ರವಾದ ಶೈತ್ಯದಿಂದಲೂ, ನೀರಿಲ್ಲದಿರುವಿಕೆಯಿಂದಲೂ ಯೀಸ್ಟು ಸಾಯುವುದಿಲ್ಲ. ಒಣಗಿದ ಯೀಸ್ಟಿನ ವಿಷಯವಾಗಿ ಶಾಸ್ತ್ರದಲ್ಲಿ ಬಂದ ಮೊದಲ ಮಾತುಗಳಲ್ಲಿ ಇದೊಂದು. ಆದರೆ ಆಗ ಯಾರೂ ಅದನ್ನು ಲಕ್ಷಿಸಲಿಲ್ಲ. ಯೀಸ್ಟಿಗೆ ಜೀವವುಂಟೆಂಬುದೇ ಹಾಸ್ಯಾಸ್ಪದವಾಗಿತ್ತು. ಲೀಬಿಗ್ ಮತ್ತು ವ್ಯೋಲರ್ ಎಂಬ ಜರ್ಮನಿಯ ಘನ ರಸಾಯನಪಂಡಿತರ ಪತ್ರಿಕೆಯಲ್ಲಿ 1839ರಲ್ಲಿ ಹೆಸರಿಲ್ಲದ ಪರಿಹಾಸಲೇಖನವೊಂದು ಬಂದಿತು. ಅದರಲ್ಲಿ ಯೀಸ್ಟು ಭಟ್ಟಿಯ ಪಾತ್ರೆಯ ಆಕಾರದ ಪ್ರಾಣಿ. ಸಕ್ಕರೆಯನ್ನು ಕುಡಿದು ಮದ್ಯಸಾರವನ್ನು ವಿಸರ್ಜಿಸುತ್ತದೆ. ದೊಡ್ಡವರ ನಗೆಯು ಚಿಕ್ಕ ಸತ್ಯಗಳನ್ನು ಎಷ್ಟು ಕಾಲ ತಡೆಯಬಲ್ಲುದೆಂಬುದಕ್ಕೆ ಇದು ಉದಾಹರಣೆ. ಸುಮಾರು ಇಪ್ಪತ್ತು ವರ್ಷಗಳ ಬಳಿಕ ಪಾಸ್ತರನು ಬಂದು ಹುದುಗುವಿಕೆಯು ಜೀವವ್ಯಾಪಾರವೆಂದು ಸ್ಥಾಪಿಸಬೇಕಾಯಿತು.

ಒಣಗಿಸಿದ ಕಿಣ್ವದಿಂದ ಕೆಲಸ ಮಾಡುವವರಿಗೆ ಈ ವಾದಗಳ ಹಂಗಿರಲಿಲ್ಲ. ಸಿಕ್ಕಿಂ, ಡಾರ್ಜಿಲಿಂಗ್, ನೇಪಾಳಗಳ ಹೆಂಗಸರು ಅಕ್ಕಿಹಿಟ್ಟಿಗೆ ಬೇರು ಸೊಪ್ಪುಗಳನ್ನೂ ಹಳೆಯ ಬಿಲ್ಲೆಯ ಪುಡಿಯನ್ನೂ ಸೇರಿಸಿ, ‘ಮರ್ಚಾ’ ಎಂಬ ಬಿಲ್ಲೆಗಳನ್ನು ತಟ್ಟಿ ಒಣಗಿಸಿಡುತ್ತಾರೆ. ತಿಂಗಳುಗಟ್ಟಲೆ ಕೆಡದೆ ಉಳಿದು ಬೇಕಾದಾಗ ಅದು ಧಾನ್ಯವನ್ನು ಹುದುಗಿಸುತ್ತದೆ. ಪಶ್ಚಿಮದಲ್ಲಿ ಈ ವಿದ್ಯೆಯು ಕಾರ್ಖಾನೆಯನ್ನು ಸೇರಿತು. ಹಂಗೇರಿಯಿಂದ ವಲಸೆ ಹೋದ ಚಾರ್ಲ್ಸ್ ಫ್ಲೈಷ್‌ಮನ್ ಎಂಬವನು 1868ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಒತ್ತಿದ ಹಸಿ ಯೀಸ್ಟನ್ನು ಮಾಡಿ ಮಾರತೊಡಗಿದನು. ಹಸಿ ಯೀಸ್ಟಿಗೆ ಮಂಜುಗಡ್ಡೆಯ ಆಸರೆ ಬೇಕು. ಎರಡನೆಯ ಮಹಾಯುದ್ಧದಲ್ಲಿ ದೂರದೇಶಗಳಿಗೆ ಹೋದ ಸೈನಿಕರಿಗೆ ರೊಟ್ಟಿ ಸುಡುವುದಕ್ಕೆ ಅದು ಒದಗಲಿಲ್ಲ. ಆಗ ಆ ಸಂಸ್ಥೆಯವರು ತಣ್ಣಗಿಡುವ ಅಗತ್ಯವಿಲ್ಲದ ಒಣ ಯೀಸ್ಟಿನ ಹರಳುಗಳನ್ನು ಸಿದ್ಧಪಡಿಸಿದರು. ಯುದ್ಧವು ಮುಗಿದ ಮೇಲೆ ಅದು ಅಡಿಗೆಮನೆಗಳಿಗೆ ಬಂದಿತು.

ಆದರೆ ಒಂದು ತೊಡಕಿತ್ತು. ಒಂದು ತಂಡದ ಯೀಸ್ಟು ಒಣಗಿದ ಮೇಲೆ ಚೆನ್ನಾಗಿ ಏಳುವುದು; ಅದೇ ಜಾತಿಯ ಇನ್ನೊಂದು ತಂಡವು ಸತ್ತ ಹುಡಿಯಾಗುವುದು. ಏಕೆ? 1925ರಲ್ಲಿ ಕೋಖ್ ಎಂಬ ಹೆಸರಿನ ಇಬ್ಬರು ಸಂಶೋಧಕರು ಯೀಸ್ಟಿನಲ್ಲಿ ಟ್ರೆಹಲೋಸ್ ಇದೆಯೆಂದು ಪ್ರಕಟಿಸಿದ್ದರು. ಅದನ್ನು ಜನರು ಕೂಡಿಟ್ಟ ಆಹಾರವೆಂದು ಎಣಿಸಿದ್ದರು, ಕಣಜದ ಧಾನ್ಯದಂತೆ. 1951ರಲ್ಲಿ ಪೊಲಾಕ್ ಮತ್ತು ಹೋಮ್‌ಸ್ಟ್ರಮ್ ಎಂಬವರು ಒಣ ಯೀಸ್ಟಿನ ಗುಣಕ್ಕೂ ಅದರಲ್ಲಿರುವ ಟ್ರೆಹಲೋಸಿನ ಪ್ರಮಾಣಕ್ಕೂ ಸಂಬಂಧವುಂಟೆಂದು ತೋರಿಸಿದರು. ಸಮೃದ್ಧವಾದ ಆಹಾರದಲ್ಲಿ ಭರದಿಂದ ಬೆಳೆಯುತ್ತಿರುವ ಯೀಸ್ಟಿನಲ್ಲಿ ಈ ಶರ್ಕರೆಯು ಇಲ್ಲವೆನ್ನುವಷ್ಟು ಕಡಮೆ. ಒಣಗಿಸಿದರೆ ಅದು ಸಾಯುತ್ತದೆ. ಆಹಾರವು ತೀರುತ್ತ ಬಂದು ಬೆಳವಣಿಗೆಯು ನಿಂತ ಯೀಸ್ಟಿನಲ್ಲಿ ಅದು ಒಣತೂಕದ ನೂರಕ್ಕೆ 15ರಿಂದ 20 ಪಾಲಿನವರೆಗೂ ಏರಬಹುದು, ಅಂತಹುದು ಬದುಕುತ್ತದೆ. ಆದಕಾರಣ ಕಾರ್ಖಾನೆಯವರು ಕೊನೆಯ ಗಂಟೆಗಳಲ್ಲಿ ಯೀಸ್ಟಿಗೆ ಸಾರಜನಕದ ಆಹಾರವನ್ನು ಬಿಗಿಹಿಡಿದು, ಅದು ಕೊಬ್ಬಿ ಬೆಳೆಯದಂತೆ ಹಣ್ಣಾಗಲು ಬಿಡುತ್ತಾರೆ. ಹಸಿವನ್ನು ಕಂಡ ಯೀಸ್ಟೇ ಬರವನ್ನು ತಾಳುತ್ತದೆ.

ಜೀವಕೋಶವು ಈ ಶರ್ಕರೆಯನ್ನು ಹೇಗೆ ಕಟ್ಟುತ್ತದೆಂಬುದನ್ನು 1953ರಲ್ಲಿ ಅರ್ಜೆಂಟೀನದ ಲೆಲೊಯ್ರ್ ಮತ್ತು ಕಬೀಬ್ ಎಂಬವರು ಯೀಸ್ಟಿನಲ್ಲಿಯೇ ಬಿಡಿಸಿದರು. ಲೆಲೊಯ್ರನಿಗೆ ಶರ್ಕರೆಗಳ ಸಂಯೋಜನೆಯ ಸಂಶೋಧನೆಗಾಗಿ 1970ರ ನೊಬೆಲ್ ಪಾರಿತೋಷಕವು ದೊರೆಯಿತು. ಟ್ರೆಹಲೋಸಿನ ರಚನೆಯು ಸರಳವಾದುದು. ದ್ರಾಕ್ಷಾಶರ್ಕರೆಯ, ಎಂದರೆ ಗ್ಲೂಕೋಸಿನ, ಎರಡು ಅಣುಗಳು ತಮ್ಮ ಚುರುಕಾದ ತುದಿಗಳನ್ನೇ ಒಂದಕ್ಕೊಂದು ಹೆಣೆದುಕೊಂಡಿವೆ. ಗ್ಲೂಕೋಸು ಒಂಟಿಯಾಗಿದ್ದರೆ ಆ ತುದಿಯು ಪ್ರೋಟೀನುಗಳನ್ನು ಹಿಡಿದು ಕೆಡಿಸುತ್ತದೆ. ಸುಟ್ಟ ರೊಟ್ಟಿಯ ಮೇಲಿನ ಕಂದುಬಣ್ಣವು ಅದರ ಕಾರ್ಯವೇ. ಒಣಗಿ ದಟ್ಟವಾದ ಜೀವಕೋಶದೊಳಗೆ ವರ್ಷಗಟ್ಟಲೆ ಇರಬೇಕಾದ ಶರ್ಕರೆಗೆ ಅಂತಹ ದುರ್ಗುಣವಿರಕೂಡದು. ಟ್ರೆಹಲೋಸು ಕೈಕಟ್ಟಿ ಕುಳಿತ ಸಾಧು. ಯಾರ ಗೊಡವೆಗೂ ಹೋಗುವುದಿಲ್ಲ. ಕಬ್ಬಿನ ಸಕ್ಕರೆಗೂ ಈ ಸಾಧುಗುಣವುಂಟು, ಆದರೆ ಸ್ವಲ್ಪ ಹುಳಿ ತಗಲಿದರೆ ಅದು ಒಡೆದುಹೋಗುತ್ತದೆ. ಕೀಟಗಳ ರಕ್ತದಲ್ಲಿ ಹರಿಯುವ ಸಕ್ಕರೆಯೂ ಟ್ರೆಹಲೋಸೇ. ರಾಮನಗರದ ಸಂತೆಗೆ ಗೂಡನ್ನು ಕೊಡುವ ರೇಷ್ಮೆಯ ಹುಳುವಿನ ಮೈಯಲ್ಲಿಯೂ ಅದೇ ಇದೆ.

ಕಣಜದ ಧಾನ್ಯವು ಕವಚವೂ ಆಗಿರಬಹುದೆಂಬ ವಿಚಾರವು ಯೀಸ್ಟಿನ ಹೊರಗಿನಿಂದಲೂ ಬಲಗೊಂಡಿತು. ಉಪ್ಪುನೀರಿನ ಕೆರೆಗಳಲ್ಲಿರುವ ಆರ್ಟೀಮಿಯ ಎಂಬ ಸಣ್ಣ ಸೀಗಡಿಯ ಒಣ ಮೊಟ್ಟೆಗಳಲ್ಲಿ ಈ ಶರ್ಕರೆಯು ಹೇರಳವಾಗಿರುವುದನ್ನು ಅಮೆರಿಕದ ಜೇಮ್ಸ್ ಕ್ಲೆಗ್ 1960ರ ದಶಕದಲ್ಲಿ ತೋರಿಸಿದರು. ಕ್ಯಾಲಿಫೋರ್ನಿಯದ ಡೇವಿಸ್ ನಗರದ ಜಾನ್ ಕ್ರೋ ಮತ್ತವರ ಸಂಗಡಿಗರು ದಾರದಂತಹ ಹುಳುವೊಂದನ್ನು ತೇವದ ಗಾಳಿಯಲ್ಲಿ ಕೆಲವು ದಿನ ಮೆಲ್ಲಮೆಲ್ಲನೆ ಒಣಗಿಸಿದಾಗ, ಅದು ತನ್ನ ಮೈಯ ಕೊಬ್ಬು ಮುಂತಾದುವನ್ನು ಕರಗಿಸಿ ಟ್ರೆಹಲೋಸನ್ನು ಕಟ್ಟಿಕೊಳ್ಳುವುದು ಕಂಡುಬಂದಿತು. ಅವಸರದಿಂದ ಒಣಗಿಸಿದುದು ಸತ್ತಿತು. ಸ್ಪಲ್ಲಂಜಾನಿಯ ಮರಳಿನ ಗುಟ್ಟು ಹುಳುವಿನ ಮಟ್ಟಿಗಾದರೂ ಇಲ್ಲಿ ಬಯಲಾಯಿತು.

ರಕ್ಷಣೆಯು ನಡೆಯುವ ಬಗೆಯನ್ನು ಕುರಿತು ಎರಡು ಮತಗಳಿವೆ. ಮೊದಲನೆಯದು ಸ್ಥಾನಪೂರಣದ ಮತ. ಜೀವಕೋಶವನ್ನು ಸುತ್ತಿದ ಪೊರೆಯು ಕೊಬ್ಬಿನ ಅಣುಗಳ ಎರಡು ಸಾಲು. ಈ ಅಣುಗಳ ತಲೆಗಳ ನಡುವೆ ನೀರಿನ ಅಣುಗಳು ತುಂಬಿಕೊಂಡು ಅವುಗಳನ್ನು ಅಂತರದಲ್ಲಿಟ್ಟಿರುತ್ತವೆ. ನೀರು ಹೋದರೆ ತಲೆಗಳು ಒತ್ತೊತ್ತಾಗಿ, ಎಣ್ಣೆಯಂತೆ ಮೃದುವಾಗಿದ್ದ ಪೊರೆಯು ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯಂತೆ ಬಿರುಸಾಗುತ್ತದೆ. ಮತ್ತೆ ನೀರು ಬಿದ್ದಾಗ ಅದು ಇಳಿಸಡಿಲವಾಗುವ ಹೊತ್ತಿನಲ್ಲಿ ಸಂದುಗಳು ಬಿಟ್ಟು ಒಳಗಿನ ಸಾರವೆಲ್ಲ ಸೋರಿಹೋಗುತ್ತದೆ. ಟ್ರೆಹಲೋಸು ನೀರು ತೆರವು ಮಾಡಿದ ಸ್ಥಾನದಲ್ಲಿ ಕುಳಿತು ತಲೆಗಳನ್ನು ಮೊದಲಿನ ಅಂತರದಲ್ಲಿಯೇ ಇಡುತ್ತದೆ. ಜಾನ್ ಕ್ರೋ, ಲೋಯಿಸ್ ಕ್ರೋ ದಂಪತಿಗಳೂ ಚ್ಯಾಪ್‌ಮನ್ನರೂ 1984ರಲ್ಲಿ ಕೃತಕ ಪೊರೆಗಳ ಮೇಲೆ ಇದನ್ನು ತೋರಿಸಿದರು; 1994ರಲ್ಲಿ ಅವರ ತಂಡದವರು ಒಣ ಯೀಸ್ಟಿನಲ್ಲಿಯೇ ಕಂಡರು. ಟ್ರೆಹಲೋಸಿರುವ ಒಣ ಯೀಸ್ಟಿನ ಪೊರೆಯು 40 ಡಿಗ್ರಿಯ ಆಸುಪಾಸಿನಲ್ಲಿ ಮೃದುವಾಗುತ್ತದೆ. ತಣ್ಣೀರಿನಲ್ಲಿ ನೆನಸಬೇಡಿ, ಕೈಗೆ ಹಿತವಾಗಿ ಬೆಚ್ಚಗಿರುವ ನೀರನ್ನು ಬಳಸಿರಿ ಎಂದು ಒಣ ಯೀಸ್ಟಿನ ಪೊಟ್ಟಣದ ಮೇಲೆ ಮುದ್ರಿಸುವ ಸೂಚನೆಗೆ ಕಾರಣವು ಇದೇ: ನೀರು ಒಳಹೊಗುವ ಮುಂಚೆಯೇ ಪೊರೆಯು ಬಿಸಿಯಿಂದ ಮೃದುವಾಗಿರಬೇಕು. ಸೂಚನೆಯು ಮೊದಲು ಬಂದಿತು, ಕಾರಣವು ದಶಕಗಳ ಬಳಿಕ ತಿಳಿಯಿತು.

ಎರಡನೆಯದು ಕಾಚಮತ. ಸಕ್ಕರೆಯ ಪಾಕವು ಎರಡು ಬಗೆಯಾಗಿ ಗಟ್ಟಿಯಾಗಬಲ್ಲುದು. ನಿಧಾನವಾಗಿ ಹರಳುಗಟ್ಟಿದರೆ ಕಲ್ಲುಸಕ್ಕರೆ. ಗಟ್ಟಿಪಾಕ ಬಂದು ಥಟ್ಟನೆ ಆರಿದರೆ ಕಡಲೆಕಾಯಿಯ ಚಿಕ್ಕಿಯಲ್ಲಿರುವಂತೆ ಹೊಳೆಯುವ ಗಾಜು. ಹರಳು ಬೆಳೆದರೆ ಜೀವಕೋಶವನ್ನು ಇರಿಯುತ್ತದೆ. ಗಾಜು ಒಳಗಿನ ಸಾಮಗ್ರಿಗಳನ್ನೆಲ್ಲ ಇದ್ದಲ್ಲಿಯೇ ಇದ್ದಂತೆ ಹಿಡಿದಿಡುತ್ತದೆ. ಗಾಜಾದ ದ್ರವ್ಯದಲ್ಲಿ ಅಣುಗಳು ಅಲುಗಾಡಲಾರವು, ಅಲುಗಾಡದಿದ್ದರೆ ಕೆಡಲಾರವು. ಒಣ ಟ್ರೆಹಲೋಸಿನ ಗಾಜು ನೂರು ಡಿಗ್ರಿಗಿಂತ ಮೇಲಿನವರೆಗೂ ಕರಗದೆ ನಿಲ್ಲುತ್ತದೆ. ಕಬ್ಬಿನ ಸಕ್ಕರೆಯ ಗಾಜು ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಚಿಕ್ಕಿಯು ಕೈಗೆ ಅಂಟುವುದನ್ನು ಕಂಡವರಿಗೆ, ಒಣ ಯೀಸ್ಟಿನ ಡಬ್ಬಿಗೆ ತೇವವು ತಾಗಕೂಡದೆಂಬುದನ್ನು ವಿವರಿಸಬೇಕಾಗಿಲ್ಲ. ಈ ಎರಡು ಮತಗಳಿಗೆ ವಿರೋಧವೇನೂ ಇಲ್ಲ. ಒಂದು ಪೊರೆಯ ಮಾತು, ಇನ್ನೊಂದು ಒಟ್ಟು ಕೋಶದ ಮಾತು. ಆದರೂ ಅವುಗಳ ಅನುಯಾಯಿಗಳು ವರ್ಷಗಟ್ಟಲೆ ಪರಸ್ಪರ ಖಂಡನೆಯಲ್ಲಿ ತೊಡಗಿದ್ದರು. ಬ್ರೆಜಿಲ್ಲಿನ ರಿಯೋ ನಗರದಲ್ಲಿ ಅನಿತ ಪಾನೆಕ್ ಮತ್ತು ಎಲಿಸ್ ಎಲ್ಯುತೇರಿಯೊ ಎಂಬ ವಿದುಷಿಯರು ತಮ್ಮ ಸಂಗಡಿಗರೊಡನೆ 1993ರಲ್ಲಿ ಪ್ರಕಟಿಸಿದ ಸಂಗತಿಯು ಹೆಚ್ಚು ಪ್ರಯೋಜನಕರವಾದುದು: ಶರ್ಕರೆಯು ಪೊರೆಯ ಒಳಮೈಯಲ್ಲಿದ್ದರೆ ಸಾಲದು, ಹೊರಮೈಗೂ ಬೇಕು, ಅದನ್ನು ದಾಟಿಸುವ ವಾಹಕವಿಲ್ಲದ ಯೀಸ್ಟು ಒಣಗಿದಾಗ ಹೆಚ್ಚಾಗಿ ಸಾಯುತ್ತದೆ.

ಇಷ್ಟಕ್ಕೇ ಚರಿತ್ರೆಯು ಮುಗಿದಿದ್ದರೆ ಅದು ಪುರಾಣದಂತೆ ಸುಖಾಂತವಾಗುತ್ತಿತ್ತು. 2003ರಲ್ಲಿ ಇಂಗ್ಲೆಂಡಿನ ಲಾಪಿನ್‌ಸ್ಕಿ ಮತ್ತು ಟನ್ನಕ್ಲಿಫ್ ಎಂಬವರು ಚಕ್ರಜೀವಿಗಳಲ್ಲಿ ಟ್ರೆಹಲೋಸನ್ನು ಹುಡುಕಿದರು. ಸಿಕ್ಕಲಿಲ್ಲ. ಅದನ್ನು ಕಟ್ಟುವ ಜೀನುಗಳ ಸುಳಿವೂ ಸಿಕ್ಕಲಿಲ್ಲ. ಮುನ್ನೂರು ವರ್ಷಗಳ ಹಿಂದೆ ಲೀವನ್‌ಹುಕ್ಕನ ಕೊಳವೆಯಲ್ಲಿ ಎದ್ದ ಜಂತುಗಳ ಬಂಧುಗಳು ಈ ಶರ್ಕರೆಯ ನೆರವಿಲ್ಲದೆಯೇ ಒಣಗಿ ಬದುಕುತ್ತವೆ. 2006ರಲ್ಲಿ ರತ್ನಕುಮಾರ್ ಮತ್ತು ಟನ್ನಕ್ಲಿಫ್ ಯೀಸ್ಟಿನ ವಿಷಯದಲ್ಲಿಯೂ ಸಂದೇಹವನ್ನೆತ್ತಿದರು: ಟ್ರೆಹಲೋಸನ್ನು ಕಟ್ಟಲಾರದ ಯೀಸ್ಟೂ ಒಣಗಿ ಬದುಕಿತು, ಅದನ್ನು ತುಂಬಿಸಿದ ಯೀಸ್ಟು ಅದರಿಂದಲೇ ಬದುಕಲಿಲ್ಲ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಅನ್ವಯವೂ ಇಲ್ಲ, ವ್ಯತಿರೇಕವೂ ಇಲ್ಲ. ಶರ್ಕರೆ ಇದ್ದಲ್ಲಿ ಬದುಕು, ಇಲ್ಲದಲ್ಲಿ ಸಾವು ಎಂಬ ಎರಡು ಕಾಲುಗಳೂ ಮುರಿದಂತಾದುವು.

ಗಂಟನ್ನು ಬಹುಮಟ್ಟಿಗೆ ಸಡಿಲಿಸಿದವರು ಕ್ಯಾಲಿಫೋರ್ನಿಯದ ಬರ್ಕ್‌ಲಿಯ ಟಾಪಿಯ ಮತ್ತು ಕಾಷ್‌ಲಂಡ್. ಅವರು ಕೇಳಿದ ಪ್ರಶ್ನೆಯು ಸರಳವಾದುದು: ಎಷ್ಟು ದಿನ? 2014ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಟ್ರೆಹಲೋಸಿಲ್ಲದ ಯೀಸ್ಟು ಒಂದೆರಡು ದಿನಗಳ ಶುಷ್ಕತೆಯನ್ನು ಬೇರೆ ಪ್ರೋಟೀನುಗಳ ಸಹಾಯದಿಂದ ದಾಟುತ್ತದೆ. ವಾರಗಟ್ಟಲೆ ಒಣಗಿಟ್ಟರೆ ಸಾಯುತ್ತದೆ. ಟ್ರೆಹಲೋಸಿನ ಕೆಲಸವು ದೀರ್ಘಕಾಲದ ಕಾವಲು. ಒಣಗಿದಾಗ ಪ್ರೋಟೀನುಗಳು ಮಡಿಕೆ ತಪ್ಪಿ ಮುದ್ದೆಯಾಗದಂತೆ ಅದು ನೋಡಿಕೊಳ್ಳುತ್ತದೆ. ಮರುವರ್ಷ ಅವರು ಭರದಿಂದ ಬೆಳೆಯುತ್ತಿರುವ ಯೀಸ್ಟಿನೊಳಕ್ಕೆ ಹೊರಗಿನಿಂದ ಟ್ರೆಹಲೋಸನ್ನು ಸಾಕಷ್ಟು ಸೇರಿಸಿ, ಒಳಗೆ ಅದು ಒಡೆಯದಂತೆ ಮಾಡಿದಾಗ, ಸಾಯಬೇಕಾಗಿದ್ದ ಆ ಯೀಸ್ಟು ಬದುಕಿತು. 2018ರಲ್ಲಿ ಕಾಷ್‌ಲಂಡರ ತಂಡವು ಎಚ್‌ಎಸ್‌ಪಿ-12 ಎಂಬ ಸಣ್ಣ ಪ್ರೋಟೀನನ್ನು ಹಿಡಿಯಿತು. ಅದಕ್ಕೆ ಸ್ಥಿರವಾದ ಆಕಾರವಿಲ್ಲ. ಟ್ರೆಹಲೋಸಿನೊಡನೆ ಸೇರಿದಾಗ ಎರಡರ ಬಲವೂ ಹೆಚ್ಚುತ್ತದೆ. ಶರ್ಕರೆಯು ಒಂಟಿ ಕಾವಲುಗಾರನಲ್ಲ, ಜೊತೆಗಾರನೊಬ್ಬನಿದ್ದಾನೆ ಎಂದಾಯಿತು.

ಶರ್ಕರೆಯ ವ್ಯಾಪಾರದ ಕಥೆಯು ಚಿಕ್ಕದು. ಬಹುಕಾಲ ಟ್ರೆಹಲೋಸನ್ನು ಯೀಸ್ಟಿನಿಂದಲೇ ಹಿಂಡಿ ತೆಗೆಯುತ್ತಿದ್ದುದರಿಂದ ಅದು ದುಬಾರಿಯ ಪದಾರ್ಥವಾಗಿತ್ತು. ಜಪಾನಿನ ಒಕಾಯಾಮದ ಹಯಾಷಿಬಾರ ಎಂಬ ಸಂಸ್ಥೆಯವರು 1990ರ ದಶಕದ ನಡುವಿನಲ್ಲಿ ಪಿಷ್ಟದಿಂದ ಎನ್‌ಜೈಮುಗಳ ಮೂಲಕ ಅದನ್ನು ಮಾಡುವ ದಾರಿಯನ್ನು ಕಂಡುಹಿಡಿದ ಮೇಲೆ ಬೆಲೆಯು ನೂರನೆಯ ಒಂದು ಪಾಲಿಗೆ ಇಳಿಯಿತು. ಈಗ ಅದು ಮಿಠಾಯಿಗಳಲ್ಲಿಯೂ ಔಷಧಗಳಲ್ಲಿಯೂ ಸೇರುತ್ತದೆ.

ಜೀವವು ನಿಂತಿತ್ತೋ ಮೆಲ್ಲಗೆ ನಡೆಯುತ್ತಿತ್ತೋ ಎಂದು ಬ್ರೋಕಾ ಬಿಟ್ಟುಹೋದ ಪ್ರಶ್ನೆಗೆ ಕೇಂಬ್ರಿಜಿನ ಡೇವಿಡ್ ಕೈಲಿನ್ 1959ರಲ್ಲಿ ಪ್ರಕಟವಾದ ಲೀವನ್‌ಹುಕ್ಕನ ಹೆಸರಿನ ಉಪನ್ಯಾಸದಲ್ಲಿ ಉತ್ತರವನ್ನು ಕೊಟ್ಟನು. ಈ ಸ್ಥಿತಿಗೆ ಅವನಿಟ್ಟ ಹೆಸರನ್ನು ‘ಗುಪ್ತಜೀವನ’ವೆಂದು ಕನ್ನಡಿಸಬಹುದು: ವ್ಯಾಪಾರವು ನಿಂತಿರಬಹುದು, ರಚನೆಯು ಮಾತ್ರ ಚೆದರಿರಬಾರದು. ರಚನೆಯು ಉಳಿದಿದ್ದರೆ ನೀರು ಬಿದ್ದೊಡನೆ ವ್ಯಾಪಾರವು ಮತ್ತೆ ಮೊದಲಾಗುವುದು. ಚಾರ್ವಾಕನು ಇದನ್ನು ಕೇಳಿದ್ದರೆ ತನ್ನ ಪಕ್ಷವೇ ಗೆದ್ದಿತೆಂದು ಸಂತೋಷಪಡುತ್ತಿದ್ದನು. ಆದರೆ ಅವನ ಎದುರಾಳಿಗೂ ಮಾತಿಲ್ಲದೆ ಹೋಗುವುದಿಲ್ಲ. ಭೂತಗಳ ಕೂಟವೊಂದೇ ಸಾಕಾಗಿದ್ದರೆ, ಚೆದರಿದ ಕೋಶದಲ್ಲಿಯೂ ಅದೇ ಭೂತಗಳು ಅಷ್ಟೇ ಪ್ರಮಾಣದಲ್ಲಿರುತ್ತವಲ್ಲ, ಅದೇಕೆ ಏಳುವುದಿಲ್ಲ ಎಂದು ಅವನು ಕೇಳಬಹುದು. ಉತ್ತರದ ಬೆಟ್ಟಗಳಲ್ಲಿ ಬೆಳೆಯುವ, ಒಣಗಿ ಮುದುಡಿ ನೀರು ಕಂಡೊಡನೆ ಹಸಿರಾಗುವ ಸೆಲಾಜಿನೆಲ್ಲ ಎಂಬ ಗಿಡವನ್ನು ಯಾತ್ರಾಸ್ಥಳಗಳಲ್ಲಿ ‘ಸಂಜೀವಿನಿ’ ಎಂದು ಮಾರುತ್ತಾರೆ. ಹನುಮಂತನು ತಂದುದು ಅದೇ ಎಂಬುದಕ್ಕೆ ಆಧಾರವಿಲ್ಲ. ಅದು ತಾನು ಬದುಕುತ್ತದೆಯೇ ಹೊರತು ಇತರರನ್ನು ಬದುಕಿಸುತ್ತದೆಂಬುದಕ್ಕೂ ಆಧಾರವಿಲ್ಲ.

ಸ್ಪಲ್ಲಂಜಾನಿಯು ಹೆಸರಿಟ್ಟ ಟಾರ್ಡಿಗ್ರೇಡು ಒಣಗುವಾಗ ಮುಖ್ಯವಾಗಿ ಅವಲಂಬಿಸುವುದು ಶರ್ಕರೆಯನ್ನಲ್ಲ, ಆಕಾರವಿಲ್ಲದ ಕೆಲವು ಪ್ರೋಟೀನುಗಳನ್ನು. ಅವೂ ಒಣಗಿದಾಗ ಗಾಜಿನಂತಾಗುತ್ತವೆ. ಅಮೆರಿಕದ ಬೂತ್‌ಬಿ ಮತ್ತು ಸಂಗಡಿಗರು ಆ ಪ್ರೋಟೀನುಗಳ ಜೀನುಗಳನ್ನು ತೆಗೆದು ಯೀಸ್ಟಿಗೆ ಸೇರಿಸಿ, 2017ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಪಾಚಿಯ ಜಂತುವಿನ ಕವಚವನ್ನು ತೊಟ್ಟ ಯೀಸ್ಟು, ಅದನ್ನು ತೊಡದ ಯೀಸ್ಟಿಗಿಂತ ಹೆಚ್ಚು ಸಂಖ್ಯೆಯಲ್ಲಿ ಒಣಗಿ ಎದ್ದಿತು.